ಗೊಬೇಲಾ ಮಡುವಿಗೊಂದು ಹಸು

ಲುಂಡ್, ಸ್ವೀಡನ್
೯ ಏಪ್ರಿಲ್ ೨೦೦೮

ಸುಹಾಸ್,

ಹಿಂದೆಲ್ಲ ‘ಪ್ರಿಯ’ ಹಾಕುತ್ತಿದ್ದೆ. ಈ ಸಲ ಇಲ್ಲ.

ಭಾನುವಾರದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಇಮೇಲ್ ಬರೆಯಲು ಕೂತೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಬೈದರೆ ಬೈದ ಹಾಗೇ ಇರುವುದಿಲ್ಲ. ಅದಕ್ಕೇ ಕಾಗದ. ಅರ್ಧ ಗಂಟೆಯ ರೈಲು ದೂರದಲ್ಲಿರುವವನಿಗೆ ಅಂಚೆ ಹಾಕುತ್ತಿದ್ದೇನೆ ಅಂದರೆ ನಿನ್ನ ಮುಖ ನೋಡಲು ನನಗೆ ಎಷ್ಟು ಇಷ್ಟವಿಲ್ಲ ಅಂತ ಲೆಕ್ಕ ಹಾಕಿಕೋ.

ಭಾನುವಾರ ನಿಮ್ಮ ಮನೆಯ ಯುಗಾದಿ ಊಟದಿಂದ ನಾನು ಯಾಕೆ ಎದ್ದು ಹೋದೆ ಎಂದು ನಿನಗೆ ಅರ್ಥವಾಗಿಲ್ಲವಂತೆ. ಬಾಲಚಂದ್ರ ಡಾಕ್ಟ್ರು ಓರೆಬ್ರೂನಿಂದ ಫೋನ್ ಮಾಡಿ, “ಪಾಯಸದಲ್ಲಿ ಕೂದಲು ಗೀದಲು ಇತ್ತೇನಮ್ಮಾ?” ಎಂದು ಕೇಳಿದರು. ಏನು ಹೇಳಲಿ ಆ ಪುಣ್ಯಾತ್ಮರಿಗೆ? ಬೇವು ಬೆಲ್ಲ ಆದ ಮೇಲೆ ಅವರೇ ಅಲ್ಲವೇ ಪ್ಲಾಸ್ಟಿಕ್ ಬಾಟಲಿಯಿಂದ ಬೆಳ್ಳಿ ಬಟ್ಟಲಿಗೆ ನೀರು ಬಗ್ಗಿಸಿ ಎಲ್ಲರಿಗೂ ಉದ್ಧರಣೆಯಲ್ಲಿ ತೀರ್ಥ ಕೊಟ್ಟದ್ದು? ನಾನೂ ಕೈಯೊಡ್ಡಿ, ಕುಡಿದು, ಅಂಗೈಯನ್ನು ತಲೆಗೆ ಒರೆಸಿಕೊಂಡೆ. “ಗಂಗೆನಾ, ಕಾವೇರಿನಾ ಡಾಕ್ಟ್ರೇ?” ಅಂದೆ.

“ನಿಮ್ಮ ಸ್ವಾಜಿಲ್ಯಾಂಡ್ ತೀರ್ಥ ಕಣಮ್ಮಾ! ನೀವೇ ಕಳಿಸಿದ್ದಲ್ವಾ ನಮ್ಮನ್ನ? ಎಲ್ರೂ ಮೂರು ಮೂರು ಸಲ ಮುಳುಗಿ ಬಂದ್ವಿ. ನಮ್ಮ ಪ್ರಫುಲ್ಲಾ ಅಲ್ಲಿನ ಮಂಜಿನಿ ಪೇಟೆಯಲ್ಲೆಲ್ಲ ಹುಡುಕಿ ತೆಂಗಿನಕಾಯಿ ತಂದಿದ್ಲು.”

ಗೊಬೇಲಾ ಮಡುವಿನ ನೀರು. ನನ್ನ ಗಂಟಲಲ್ಲಿ.

ಸುಹಾಸ್, ಮೂರು ವರ್ಷದಿಂದ ಆ ಕಣಿವೆಯ ಮೇಲೆಯೇ ಅಲ್ಲವೇ ನನ್ನ ಪಿಎಚ್.ಡಿ.? ಆ ಮಡುವಿನಲ್ಲಿ ಅವರ ಕುಲದ ಸತ್ತವರು ಇದ್ದಾರೆ ಎಂದು ಅವರ ನಂಬಿಕೆ. ಆ ನೀರನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟದೆ ಇರುವುದೇ ಅಲ್ಲಿ ಪೂಜೆ. ಊರಿನ ಹೆಂಗಸರು ಸಮಿತಿ ಕಟ್ಟಿಕೊಂಡು, ತಮ್ಮ ಮುಖ್ಯಸ್ಥನ ಹತ್ತಿರ, ಮುದುಕರ ಹತ್ತಿರ ಜಗಳವಾಡಿ, ಹೊರಗಿನವರನ್ನು ಚಪ್ಪಟೆ ಬಂಡೆಯವರೆಗೆ ಮಾತ್ರ ಕರೆದೊಯ್ಯಲು ಒಪ್ಪಿಗೆ ಪಡೆದರು. ದೂರದಿಂದ ನೋಡು, ಕಥೆ ಕೇಳು, ವಾಪಸು ನಡೆ. ಬಂದ ದುಡ್ಡು ಊರಿನ ಶಾಲೆಗೆ, ಬಾವಿಗೆ. ಬಂಡೆಯಾಚೆ ಒಂದು ಕೋಲು ಅಡ್ಡ ಹಾಕಿರುತ್ತಾರೆ. ಅದನ್ನು ದಾಟಬಾರದು, ಅಷ್ಟೇ. ಈಸ್ಟರ್ ರಜಕ್ಕೆ ಎಲ್ಲಿಗೆ ಹೋಗೋಣ ಎಂದು ನೀನು ಕೇಳಿದಾಗ, ‘ನನ್ನ ಸ್ನೇಹಿತರು, ಒಳ್ಳೆಯವರು, ದೈವಭಕ್ತರು’ ಎಂದು ಸಮಿತಿಯ ಯಜಮಾನಿ ಲಾಮವೂಸೊಗೆ ಹೇಳಿ ಕಳಿಸಿದವಳು ನಾನು. ಗೈಡ್ ಹುಡುಗಿ ಫಿಂಡಿಲೆ, ಡಾಕ್ಟ್ರ ಮಗಳು ಇಂಚರಾಗೆ ಬಾಯಾರಿತೆಂದು ಕುಡಿಯುವ ನೀರು ತರಲು ಮೇಲೆ ಹೋದಳಂತೆ. ಅಷ್ಟರಲ್ಲಿ ನೀವು ಇಳಿದು, ಮುಳುಗಿ, ಬಂಡೆಗೆ ಕುಂಕುಮ ಬಳಿದು, ಕಾಯಿ ಒಡೆದು, ಕರ್ಪೂರ ಹಚ್ಚಿ, ಮೇಲಿಂದ ಬಾಟಲಿಗೂ ತುಂಬಿಕೊಂಡಿರಿ!

ಒಬ್ಬ ಸ್ವೀಡನ್ನಿನವನು ನಂಜನಗೂಡಿನ ಗರ್ಭಗುಡಿಗೆ ಬೂಟುಗಾಲಲ್ಲಿ ನುಗ್ಗಿ, ಲಿಂಗದ ತಲೆಯ ಮೇಲೆ ತನ್ನ ಫಿಕಾ ವಿರಾಮದ ಕಾಫಿ ಸುರಿದು, ‘ಭಕ್ತಿಯಿಂದ ಮಾಡಿದೆ’ ಅಂದರೆ ನಿಮ್ಮಮ್ಮ ಏನು ಮಾಡುತ್ತಿದ್ದರು?

ನಿನ್ನೆ ಲಾಮವೂಸೊಗೆ ಫೋನ್ ಮಾಡಿದೆ. ದಾರಿ ಮುಚ್ಚಿದ್ದಾರೆ. “ನಿನ್ನ ಜನ” ಎಂದಳು. ಅದನ್ನೇ ಎರಡು ಸಲ ಹೇಳಿದಳು. ಮುಂದಿನದು ಮುಖ್ಯಸ್ಥನ ಸಭೆ ಹೇಳುತ್ತದಂತೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಗೊತ್ತಲ್ಲ?

ಇಂದುಮತಿ


ಹೆಲ್ಸಿಂಗ್‌ಬೋರ್ಯ್
೧೬ ಏಪ್ರಿಲ್ ೨೦೦೮

ಇಂದೂ,

ನಿನ್ನ ಕಾಗದ ಆಫೀಸಿಗೆ ತೆಗೆದುಕೊಂಡು ಹೋಗಿ ಊಟದ ಹೊತ್ತಿನಲ್ಲಿ ಓದಿದೆ. ಪಕ್ಕದಲ್ಲಿ ಕೂತಿದ್ದ ಆಂದರ್ಸ್ ‘ಊರಲ್ಲಿ ಯಾರಾದರೂ ಹೋದರಾ?’ ಎಂದು ಕೇಳಿದ. ಹೂಂ, ಒಬ್ಬ ಸ್ನೇಹಿತೆ ಹೋದಳು ಅಂದೆ.

ಬೈದದ್ದು ಸಾಕು, ಈಗ ನನ್ನದು ಕೇಳು. ನಮ್ಮನ್ನು ಕಳಿಸುವಾಗ ನೀನು ಹೇಳಿದ ಮಾತು ಏನು? ಜ್ಞಾಪಿಸಿಕೋ. ನಮ್ಮ ಅಡುಗೆಮನೆಯಲ್ಲಿ ಕೂತು, ಚಕ್ಕುಲಿ ಕಡಿಯುತ್ತಾ, “ಅದು ಅವರ ತೀರ್ಥ ಕಣೋ. ನಮ್ಮ ತಲಕಾವೇರಿ ಇದ್ದ ಹಾಗೆ” ಎಂದೆ. ತಲಕಾವೇರಿ ಅಂದೆ ತಾಯಿ! ತಲಕಾವೇರಿಗೆ ಹೋದವರು ಏನು ಮಾಡುತ್ತಾರೆ? ಜೇಬಿಗೆ ಕೈ ಹಾಕಿಕೊಂಡು ದೂರದಲ್ಲಿ ನಿಂತು ‘ಓಹ್, ಇಂಟರೆಸ್ಟಿಂಗ್’ ಅನ್ನುತ್ತಾರಾ? ಮುಳುಗುತ್ತಾರೆ. ಬಾಟಲಿಗೆ ತುಂಬಿಕೊಳ್ಳುತ್ತಾರೆ. ಬರದೆ ಇದ್ದವರಿಗೆಲ್ಲ ಹಂಚುತ್ತಾರೆ. ನಮಗೆ ಪವಿತ್ರ ಅಂದರೆ ಮೈಗೆ ತಾಗಬೇಕು. ಮುಟ್ಟದೆ ಇರುವುದು ಪವಿತ್ರವಲ್ಲ, ಅದು ಮ್ಯೂಸಿಯಂ.

ನಿನ್ನ ಗರ್ಭಗುಡಿಯ ಉಪಮೆ ಚೆನ್ನಾಗಿದೆ, ಥೀಸಿಸ್‌ಗೆ ಹಾಕಿಕೋ. ಆದರೆ ಗರ್ಭಗುಡಿಗೆ ಬಾಗಿಲಿರುತ್ತದೆ, ಹೊಸಿಲಿರುತ್ತದೆ, ಹೊರಗೊಬ್ಬ ಭಟ್ಟರು ‘ಹ್ಞಾಂ, ಅಲ್ಲೇ’ ಎಂದು ತಡೆಯುತ್ತಾರೆ. ಅಲ್ಲಿ ಇದ್ದದ್ದು ಒಂದು ಕೋಲು. ಕಾಡಿನಲ್ಲಿ ಬಿದ್ದ ಕೋಲು! ಕಾಡಿನಲ್ಲಿ ಕೋಲು ಬೀಳದೆ ಇನ್ನೇನು ಹಪ್ಪಳ ಬೀಳುತ್ತದಾ? ಆ ಹುಡುಗಿ ಇಲ್ಲೇ ನಿಂತಿರಿ ಅಂದಳು, ನಿಜ. ಯಾಕೆ ಅನ್ನಲಿಲ್ಲ. ನೀನೂ ಕೋಲಿನ ಮಾತು ಎತ್ತಲಿಲ್ಲ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ ಈಗ ಹೇಳುತ್ತಿದ್ದೀಯೆ.

ಅವತ್ತು ಆ ನೀರಿನ ಹತ್ತಿರ ನಮಗೆ ಎಷ್ಟು ಸಮಾಧಾನವಾಗಿತ್ತು ಎಂದು ನಿನಗೆ ಹೇಳಬೇಕು ಅಂದುಕೊಂಡಿದ್ದೆ. ಹೇಳುವುದಿಲ್ಲ.

ಅವರಿಗೆ ನೋವಾಗಿದ್ದರೆ ಕ್ಷಮೆ ಕೇಳಿ ಬರೆಯುತ್ತೇನೆ. ಬಂಡೆ ತೊಳೆಸುವ ಖರ್ಚು ಕೊಡುತ್ತೇನೆ. ನಾವು ಕಳ್ಳರಲ್ಲ, ಕೈ ಮುಗಿದವರು. ಕೈ ಮುಗಿದವರನ್ನು ಈ ರೀತಿ ಬೈದದ್ದಕ್ಕೆ ನೀನೂ ಒಂದು ಕಾಗದ ಬರೆಯಬೇಕಾಗುತ್ತದೆ. ಲಾವಣ್ಯಾಗೆ.

ಸುಹಾಸ್


ಲುಂಡ್
೨ ಮೇ ೨೦೦೮

ಸುಹಾಸ್,

ಮೊನ್ನೆ ವಾಲ್‌ಬೋರ್ಯ್ ಹಬ್ಬ. ಇಡೀ ಲುಂಡ್ ಪಾರ್ಕಿನಲ್ಲಿ ಕುಡಿದು ಕುಣಿಯುತ್ತಿತ್ತು. ನಾನು ಕೋಣೆಯ ಕಿಟಕಿ ಹಾಕಿಕೊಂಡು ಸ್ವಾಜಿಲ್ಯಾಂಡಿನ ಫೋನ್ ಲೈನಿಗೆ ಕಾಯುತ್ತಿದ್ದೆ.

ಸಭೆ ಹೇಳಿತು. ಹಸು.

ದುಡ್ಡು ಬೇಡ, ಕ್ಷಮಾಪಣೆಯ ಕಾಗದ ಬೇಡ. ಒಂದು ಹಸು. ತಪ್ಪಿಗೆ ಹೊಣೆಯಾದವರು ಅಲ್ಲಿಗೆ ಬರಬೇಕು. ಹಗ್ಗವನ್ನು ತಮ್ಮ ಕೈಯಲ್ಲೇ ಹಿಡಿದು, ಕಣಿವೆಯ ಬಾಯಿಯವರೆಗೆ ನಡೆಸಿಕೊಂಡು ಹೋಗಿ ಒಪ್ಪಿಸಬೇಕು. ಅಲ್ಲಿ ಕಡಿದು, ಅದರ ಪಿತ್ತವನ್ನು ಬಂಡೆಗೆ ಸುರಿದು, ನೀರಿನಲ್ಲಿರುವವರಿಗೆ ವಿಷಯ ತಿಳಿಸಿ, ಮಾಂಸವನ್ನು ಊರಿಗೆ ಹಂಚಿದ ಮೇಲೆ ದಾರಿ ತೆರೆಯುತ್ತಾರೆ. ಅಲ್ಲಿಯವರೆಗೆ ಯಾರೂ ಇಳಿಯುವಂತಿಲ್ಲ.

ನಗಬೇಡ. ಮುಂದೆ ಓದು. ನದಿಯ ಕೆಳಗಡೆ ಒಬ್ಬ ಲಾಡ್ಜಿನವನಿದ್ದಾನೆ. ಮುಖ್ಯಸ್ಥನ ಹಿಂದೆ ವರ್ಷದಿಂದ ಸುತ್ತುತ್ತಿದ್ದಾನೆ: ಕಣಿವೆಯನ್ನು ನನಗೆ ಗುತ್ತಿಗೆಗೆ ಕೊಡಿ, ಬೇಲಿ ಹಾಕುತ್ತೇನೆ, ಈಜುವವರಿಗೆ ಮೆಟ್ಟಿಲು ಕಟ್ಟಿಸುತ್ತೇನೆ, ಮಡುವಿನ ಪಕ್ಕ ಬಾರ್ ಮಾಡುತ್ತೇನೆ. ಇಷ್ಟು ದಿನ ಅವನನ್ನು ತಡೆದದ್ದು ಆ ಹೆಂಗಸರು. ಈಗ ಮುದುಕರು ಅವರನ್ನೇ ಕೇಳುತ್ತಿದ್ದಾರೆ, ‘ನಿಮ್ಮ ಕೈಯಲ್ಲಿ ಕೊಟ್ಟೆವು, ಏನಾಯಿತು ನೋಡಿದಿರಾ? ಕಾಯಲು ಬರದವರಿಗೆ ಯಾಕೆ?’ ಆಗಸ್ಟ್ ಕೊನೆಯ ಸಭೆಯೊಳಗೆ ಈ ತಪ್ಪು ತೀರದಿದ್ದರೆ ಕಣಿವೆ ಲಾಡ್ಜಿನವನ ಪಾಲು. ಲಾಮವೂಸೊ ಹದಿನಾರು ಹೆಂಗಸರನ್ನು ಕಟ್ಟಿಕೊಂಡು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಮಾಡಿದ್ದುಣ್ಣೋ ಮಹರಾಯ. ಹೋಗಿ ಕೊಟ್ಟು ಬಾ.

ಇಂದುಮತಿ


ಹೆಲ್ಸಿಂಗ್‌ಬೋರ್ಯ್
೨೦ ಮೇ ೨೦೦೮

ಇಂದೂ,

ನಿನಗೆ ತಲೆ ಕೆಟ್ಟಿದೆಯಾ?

ನಾನು ಹಸುವಿನ ಹಗ್ಗ ಹಿಡಿದು ಕಡಿಯುವ ಜಾಗಕ್ಕೆ ನಡೆಸಿಕೊಂಡು ಹೋಗಬೇಕಾ? ನಾನು? ಚಾಮರಾಜಪೇಟೆಯ ಮನೆಯಲ್ಲಿ ಅಪ್ಪ ಈಗಲೂ ಊಟಕ್ಕೆ ಮುಂಚೆ ಬೀದಿಯ ಹಸುವಿಗೆ ಒಂದು ತುತ್ತು ಇಟ್ಟು ಬರುತ್ತಾರೆ. ಈ ಮನೆಗೆ ಗೃಹಪ್ರವೇಶ ಮಾಡಿದಾಗ ಸ್ವೀಡನ್ನಿನಲ್ಲಿ ಹಸು ಎಲ್ಲಿಂದ ತರುವುದು ಎಂದು ಲಾವಣ್ಯಾ ಬೆಳ್ಳಿಯ ಹಸು ಕರುವನ್ನು ಹೊಸಿಲು ದಾಟಿಸಿದಳು, ನೀನೇ ಫೋಟೋ ತೆಗೆದೆ. ಪಕ್ಕದ ಮನೆಯವರು ಬಾರ್ಬೆಕ್ಯೂ ಹಚ್ಚಿದರೆ ನಾವು ಬಾಲ್ಕನಿ ಬಾಗಿಲು ಹಾಕಿಕೊಳ್ಳುತ್ತೇವೆ. ಬೇರೆಯವರು ತಿನ್ನಲಿ, ಅವರ ಹೊಟ್ಟೆ, ಅವರ ಇಷ್ಟ. ಆದರೆ ನನ್ನ ಕೈಯಿಂದ ಆಗುವುದಿಲ್ಲ. ದೇವರ ಹತ್ತಿರ ಮಾಡಿದ ತಪ್ಪನ್ನು ಅದಕ್ಕಿಂತ ದೊಡ್ಡ ತಪ್ಪಿನಿಂದ ತೊಳೆಯಬೇಕಂತೆ. ಇದ್ಯಾವ ನ್ಯಾಯ?

ಬೇರೆ ಏನು ಬೇಕಾದರೂ ಕೇಳು. ನೀರಿನ ಟ್ಯಾಂಕ್ ಕಟ್ಟಿಸುತ್ತೇವೆ. ಶಾಲೆಗೆ ಕಂಪ್ಯೂಟರ್ ಕೊಡಿಸುತ್ತೇವೆ. ಬಾಲಚಂದ್ರ ಅವರೂ ಸೇರುತ್ತೇನೆ ಅಂದಿದ್ದಾರೆ. ಪ್ರಫುಲ್ಲಾ ಅವರು ವಿಷಯ ತಿಳಿದು ಎರಡು ದಿನ ಊಟ ಬಿಟ್ಟರು.

ಅವರ ನಂಬಿಕೆಗೆ ಬೆಲೆ ಕೊಡಬೇಕು, ಸರಿ. ನಮ್ಮದಕ್ಕೆ ಬೆಲೆ ಇಲ್ಲವಾ? ನಿನ್ನ ಯೂನಿವರ್ಸಿಟಿಯಲ್ಲಿ ಅವರದಾದರೆ ಸಂಸ್ಕೃತಿ, ನಮ್ಮದಾದರೆ ಮಡಿ ಮೈಲಿಗೆಯ ಕೊಳಕು!

ಅಷ್ಟು ಕಳಕಳಿ ಇದ್ದರೆ ನೀನೇ ಕೊಡು. ನಿನಗೆ ಊರು ಗೊತ್ತು, ಜನ ಗೊತ್ತು, ಭಾಷೆಯೂ ಅಷ್ಟಿಷ್ಟು ಗೊತ್ತು. ಅಥವಾ ಹಸುವಿನ ವಿಷಯ ಬಂದರೆ ನೀನೂ ನಿಮ್ಮಮ್ಮನ ಮಗಳೇನೋ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಸುಹಾಸ್


ಲುಂಡ್
೨೪ ಜೂನ್ ೨೦೦೮

ಸುಹಾಸ್,

ನಿನ್ನ ಕಾಗದಕ್ಕೆ ತಿಂಗಳ ಮೇಲಾಯಿತು. ಬೇಕೆಂದೇ ಬರೆಯಲಿಲ್ಲ. ನಿನಗೆ ನಾಚಿಕೆಯಾಗಲಿ ಎಂದು ಸಮಯ ಕೊಟ್ಟೆ.

ನಾನು ಕೊಡಬೇಕಾದದ್ದಲ್ಲ ಅದು. ನೀರಿಗೆ ಇಳಿದವರು ಕೊಡಬೇಕು. ಇದನ್ನು ಪದೇಪದೇ ಹೇಳಿಸಬೇಡ. ನಿನ್ನ ಟ್ಯಾಂಕು, ನಿನ್ನ ಕಂಪ್ಯೂಟರು ನೀನೇ ಇಟ್ಟುಕೋ. ಬಡವರ ಮನೆಯಲ್ಲಿ ತಪ್ಪು ಮಾಡಿ ಬಿಸ್ಕತ್ತು ಕೊಟ್ಟು ಬಾಯಿ ಮುಚ್ಚಿಸುವ ಬುದ್ಧಿ ಎಲ್ಲಿಂದ ಕಲಿತೆ?

ಇನ್ನೊಂದು. ‘ನಾವು ಇಳಿದೆವು, ನಾವು ಮುಳುಗಿದೆವು’ ಎಂದು ಬಹುವಚನ ಹೊಡೆಯುತ್ತಿದ್ದೀಯಲ್ಲ, ನಿಜ ನನಗೆ ಗೊತ್ತಾಗಿದೆ. ಫಿಂಡಿಲೆ ಮೇಲಿನ ತಿರುವಿನಿಂದ ನೋಡಿದಳಂತೆ. ಮೊದಲು ಕೋಲು ದಾಟಿದ್ದು ನಿನ್ನ ಹೆಂಡತಿ. ಉಟ್ಟ ಸೀರೆಯಲ್ಲೇ ಇಳಿದು, ಮುಳುಗಿ, ಅಳುತ್ತಾ ನಿಂತಿದ್ದಳಂತೆ. ಅವಳನ್ನು ನೋಡಿ ಮಿಕ್ಕವರು ಕುರಿ ಹಿಂಡಿನ ಹಾಗೆ ಹಿಂದೆ ಇಳಿದಿರಿ. ಏನು ಬೇಡಿಕೊಂಡಳು ಎಂದು ಊಹಿಸಲು ಪಿಎಚ್.ಡಿ. ಬೇಕಾಗಿಲ್ಲ. ಮದುವೆಯಾಗಿ ಏಳು ವರ್ಷವಾಯಿತಲ್ಲ. ಮಕ್ಕಳ ಹರಕೆಗೆ ಘಾಟಿ ಸುಬ್ರಹ್ಮಣ್ಯ ಇರಲಿಲ್ಲವೇ? ಬೇರೆಯವರ ಪೂರ್ವಿಕರ ಮನೆಗೇ ನುಗ್ಗಬೇಕಿತ್ತೇ?

ಹೆಂಡತಿಯ ತಪ್ಪನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ನನಗೆ ಗೋಮಾತೆಯ ಉಪದೇಶ ಮಾಡುತ್ತೀಯಾ?

ಇಂದುಮತಿ


ಹೆಲ್ಸಿಂಗ್‌ಬೋರ್ಯ್
೨೮ ಜೂನ್ ೨೦೦೮

ಇಂದುಮತಿ,

ನಿನ್ನ ಕಾಗದವನ್ನು ಹರಿಯಲು ಹೋದೆ. ಲಾವಣ್ಯಾ ಕೈಯಿಂದ ತೆಗೆದುಕೊಂಡು ಓದಿದಳು. ಆಮೇಲೆ ಹಿಂದಿನವನ್ನೂ ಕೇಳಿ ತೆಗೆದುಕೊಂಡಳು.

ಇನ್ನು ನನಗೆ ಬರೆಯಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ.

ಸುಹಾಸ್


ಗೊಬೇಲಾ, ಸ್ವಾಜಿಲ್ಯಾಂಡ್
೧೧ ಆಗಸ್ಟ್ ೨೦೦೮

ಇಂದುಮತಿಯವರೇ,

ನಾನು ಲಾವಣ್ಯಾ. ನಿಮ್ಮ ಕಾಗದದಲ್ಲಿ ‘ಹೆಂಡತಿ’ ಎಂದು ಬರುತ್ತದಲ್ಲ, ಅವಳು.

ನಾಲ್ಕು ದಿನದಿಂದ ಇಲ್ಲಿದ್ದೇನೆ. ಹೋಗುತ್ತೇನೆ ಅಂದಾಗ ಸುಹಾಸ್, “ಹುಚ್ಚಾ ನಿಂಗೆ? ಒಬ್ಬಳೇ ಹೋಗಿ ಏನ್ ಮಾಡ್ತೀಯ?” ಅಂದರು. “ಹಸು ಕೊಡ್ತೀನಿ” ಅಂದೆ. ಆಮೇಲೆ ವಿಮಾನ ನಿಲ್ದಾಣ ಬರುವವರೆಗೂ ಅವರು ಮಾತಾಡಲಿಲ್ಲ. ನನಗೂ ಬೇಕಾಗಿರಲಿಲ್ಲ. ನೀವಿಬ್ಬರೂ ಮೂರು ತಿಂಗಳು ಮಾತಾಡಿದ್ದು ಸಾಕಾಗಿತ್ತು. ನನ್ನ ತಪ್ಪು, ನನ್ನ ಪಾಪ, ನನ್ನ ಹರಕೆ, ಎಲ್ಲದರ ಬಗ್ಗೆಯೂ ಇಬ್ಬರೂ ಬರೆದಿರಿ. ಆ ನೀರಿಗೆ ಯಾಕೆ ಇಳಿದೆ ಎಂದು ಒಬ್ಬರಾದರೂ ನನ್ನನ್ನು ಕೇಳಿದಿರಾ?

ಈಗ ಹೇಳುತ್ತೇನೆ. ನಾನು ಏನನ್ನೂ ಬೇಡಿಕೊಳ್ಳಲಿಲ್ಲ. ಹೋದ ನವೆಂಬರಿನಲ್ಲಿ ಐದನೇ ತಿಂಗಳಲ್ಲಿ ನನ್ನ ಮಗು ಹೋಯಿತು. ನಿಮಗೆ ಗೊತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯವರು ಒಳ್ಳೆಯವರೇ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದರು, ನರ್ಸ್ ಪಕ್ಕದಲ್ಲಿ ಕೂತು ಚಹಾ ಕೊಟ್ಟಳು. ನಮ್ಮಲ್ಲಾದರೆ ಅತ್ತೆಯೋ ಚಿಕ್ಕಮ್ಮನೋ ಬಚ್ಚಲಲ್ಲಿ ಕೂರಿಸಿ ತಲೆಯ ಮೇಲೆ ನೀರು ಸುರಿದು, “ಆಯ್ತು, ಏಳವ್ವಾ” ಅನ್ನುತ್ತಿದ್ದರು. ಹೆಲ್ಸಿಂಗ್‌ಬೋರ್ಯ್‌ನಲ್ಲಿ ನಾನೇ ಶವರ್ ತಿರುಗಿಸಿಕೊಂಡೆ. ಏಳು ಎನ್ನುವವರು ಯಾರೂ ಇರಲಿಲ್ಲ. ಈ ಮಡುವನ್ನು ನೋಡಿದಾಗ ಇಷ್ಟು ದಿನ ಮಾಡದೆ ಬಿಟ್ಟ ಸ್ನಾನ ಅದೇ ಅನ್ನಿಸಿತು. ಕೋಲು ಕಂಡಿತ್ತು. ದಾಟಿದೆ. ಇದಕ್ಕೆ ಹರಕೆ ಎಂದು ಹೆಸರಿಟ್ಟಿರಿ ನೀವು. ಘಾಟಿಗೆ ಹೋಗು ಅಂದಿರಿ. ನಿಮ್ಮ ನಾಲಿಗೆಗೆ ಬೆಂಕಿ ಬೀಳಲಿ ಎಂದು ಮೂರು ವಾರ ಶಪಿಸಿದ್ದೇನೆ. ತಿಳಿದಿರಲಿ ಎಂದು ಹೇಳುತ್ತಿದ್ದೇನೆ, ವಾಪಸು ತೆಗೆದುಕೊಳ್ಳುತ್ತಿಲ್ಲ.

ಈಗ ಇಲ್ಲಿಯ ಸಂಗತಿ. ಲಾಮವೂಸೊ ಮನೆಯ ಹೊರಗೆ ನಿಂತು ಕೂಗಿ, ಒಳಗಿನಿಂದ ಉತ್ತರ ಬರುವವರೆಗೆ ಕಾದೆ. ಫಿಂಡಿಲೆ ನಮ್ಮಿಬ್ಬರ ಮಾತನ್ನು ಅತ್ತಿತ್ತ ಮಾಡಿದಳು. “ನೀರಿಗಿಳಿದವಳು ನಾನೇ. ಹಸು ಕೊಡೋಕೆ ಬಂದಿದ್ದೀನಿ. ಎಲ್ಲಿ ಕೊಳ್ಳಬೇಕು ತೋರಿಸಿ” ಅಂದೆ. ನಾನೂ ಗೋಪೂಜೆ ಮಾಡುವ ಮನೆಯವಳೇ. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನ್ನನ್ನ ಯಾರು ಕೇಳಿದ್ರು?” ಅಂದಳು.

ಅತಿಥಿಯಿಂದ ದಂಡ ತೆಗೆದುಕೊಂಡರೆ ಈ ಊರಿಗೇ ಅವಮಾನವಂತೆ. ಅತಿಥಿಗೆ ದಾರಿ ಗೊತ್ತಿರುವುದಿಲ್ಲ. ಅತಿಥಿ ಮಾಡಿದ ತಪ್ಪಿಗೆ ಹೊಣೆ, ‘ಇವರು ನನ್ನವರು’ ಎಂದು ಕಳಿಸಿದವರದು. “ಅವಳಿಗೆ ಏಪ್ರಿಲ್‌ನಲ್ಲೇ ಹೇಳಿದ್ದೀನಿ. ಸಭೆಯ ಮಾತನ್ನೂ ನಾನೇ ಫೋನಲ್ಲಿ ಹೇಳ್ದೆ, ಹಸು ನೀನು ತರಬೇಕು ಅಂತ. ಯೋಚನೆ ಮಾಡ್ತೀನಿ ಅಂದ್ಲು. ಆಮೇಲೆ ಫೋನ್ ಎತ್ತೋದೇ ಬಿಟ್ಲು.”

ಅವಳು ಹೇಳಿದ್ದನ್ನು ಫಿಂಡಿಲೆಯಿಂದ ಇನ್ನೊಂದು ಸಲ ಹೇಳಿಸಿಕೊಂಡೆ, ನನ್ನ ಕಿವಿಯನ್ನೇ ನಂಬಲಾಗದೆ.

ನೀವು, ಇಂದುಮತಿಯವರೇ. ಹಸು ಕೇಳಿದ್ದು ನಿಮ್ಮನ್ನು. ‘ಹೊಣೆಯಾದವರು’ ಎಂದು ಸುಹಾಸ್‌ಗೆ ಬರೆದಿರಲ್ಲ, ಆ ಹೊಣೆ ನೀವು. ಮೂರು ವರ್ಷ ಇಲ್ಲಿ ಓಡಾಡಿದವರಿಗೆ ಈ ಊರಿನ ಇಷ್ಟು ಸಣ್ಣ ಪದ್ಧತಿ ಗೊತ್ತಿರಲಿಲ್ಲ ಎಂದು ಹೇಳಬೇಡಿ. ನಿಮಗೂ ಕೈ ಬರಲಿಲ್ಲ, ಅಷ್ಟೇ. ಅದನ್ನು ಬಾಯಿ ಬಿಟ್ಟು ಹೇಳಿದ್ದರೆ ಸುಹಾಸ್ ನಿಮ್ಮ ಜೊತೆ ಕೂತು ಅಳುತ್ತಿದ್ದರು. ನೀವು ನನ್ನ ಗಂಡನನ್ನು ಹೇಡಿ ಮಾಡಿದಿರಿ.

ನನ್ನ ಸ್ನಾನದ ಕಾರಣವನ್ನೂ ಲಾಮವೂಸೊಗೆ ಹೇಳಿದೆ. ಸಮಾಧಾನ ಮಾಡಲಿಲ್ಲ. ಬೈದಳು, ಅದೂ ಸಣ್ಣಗಲ್ಲ. “ಸತ್ತ ಮಗೂನ ನಮ್ಮವರ ಹತ್ರ ಬಿಟ್ಟು ಹೋಗಿದ್ದೀಯ, ಯಾರದ್ದು, ಏನು ಅಂತ ಒಂದು ಮಾತು ಹೇಳೋದು ಬೇಡ್ವಾ? ಅವರಿಗೆ ಹೇಗೆ ಗೊತ್ತಾಗಬೇಕು? ಹೆಸರೇನು?” ಹೆಸರಿಟ್ಟಿರಲಿಲ್ಲ ಅಂದೆ. ಅದಕ್ಕೂ ಬೈದಳು. ಆಮೇಲೆ ಒಲೆಯ ಹತ್ತಿರ ಕೂರಿಸಿ, ಇಡು ಎಂದಳು. ಇಟ್ಟೆ. ಏನೆಂದು ನಿಮಗೆ ಹೇಳುವುದಿಲ್ಲ.

ಆಗಸ್ಟ್ ಮೂವತ್ತಕ್ಕೆ ಸಭೆ. ಲಾಡ್ಜಿನವನು ಆಗಲೇ ಕಣಿವೆಯ ಬಾಯಿಗೆ ಬೇಲಿಯ ಕಂಬಗಳನ್ನು ತಂದು ಹಾಕಿದ್ದಾನೆ, ನಾನೇ ನೋಡಿದೆ. ಹದಿನಾರನೇ ತಾರೀಖು ನಾನು ಹೊರಡುತ್ತೇನೆ. ನೀವು ಬನ್ನಿ. ಬರದಿದ್ದರೆ ಇವರ ಹಿತಕ್ಕಾಗಿ ಸಂಶೋಧನೆ ಮಾಡಿದೆ ಎಂದು ಇನ್ನು ಯಾವ ಜನ್ಮದಲ್ಲೂ ಯಾರ ಹತ್ತಿರವೂ ಹೇಳಬೇಡಿ.

ಲಾವಣ್ಯಾ


ಲುಂಡ್
೧೨ ಸೆಪ್ಟೆಂಬರ್ ೨೦೦೮

ಲಾವಣ್ಯಾ,

ಸಭೆ ಏನಾಯಿತು ಎಂದು ನಿನಗೆ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಬೇರೆ ಮಾತುಗಳನ್ನು ಕಾಗದದಲ್ಲಿ ಬರೆದರೆ ನೀನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಹೋದೆ. ಹಸು ಕಂದು ಬಣ್ಣದ್ದು, ಒಂದು ಕೊಂಬು ಕೆಳಗೆ ಬಾಗಿತ್ತು. ನಮ್ಮಮ್ಮನಿಗೆ ಸಮ್ಮೇಳನಕ್ಕೆ ಹೋಗುತ್ತಿದ್ದೇನೆ ಎಂದು ಸುಳ್ಳು ಹೇಳಿ ಹೋಗಿದ್ದೆ. ಹಸು ದಾರಿಯಲ್ಲೆಲ್ಲ ಹುಲ್ಲು ಕಂಡಲ್ಲಿ ನಿಲ್ಲುತ್ತಿತ್ತು, ನನಗೆ ಹಗ್ಗ ಎಳೆಯಲು ಬರಲಿಲ್ಲ. ಹಿಂದೆ ಬರುತ್ತಿದ್ದ ಮುದುಕರು ನಕ್ಕರು. ಕಡಿಯುವಾಗ ಕಣ್ಣು ಮುಚ್ಚಿಕೊಂಡೆ. “ತೆಗಿ” ಅಂದಳು ಲಾಮವೂಸೊ, ಎಲ್ಲರೆದುರಿಗೆ. ತೆಗೆದೆ. ಬಂಡೆಗೆ ಸುರಿದು ಉಳಿದ ಪಿತ್ತವನ್ನು ನನ್ನ ಮಣಿಕಟ್ಟಿಗೆ ಹುಯ್ದರು. ಮಾಂಸ ನನಗೆ ಕೊಡಲಿಲ್ಲ. ದಂಡ ಕೊಟ್ಟವರು ತಿನ್ನುವಂತಿಲ್ಲವಂತೆ. ಅಷ್ಟರಮಟ್ಟಿಗೆ ಬದುಕಿದೆ ಅಂದುಕೊಂಡೆ, ಆಮೇಲೆ ಹಾಗೆ ಅಂದುಕೊಂಡದ್ದಕ್ಕೇ ಅಸಹ್ಯವಾಯಿತು. ಈ ಕೈಯಲ್ಲಿ ನಮ್ಮಮ್ಮನ ಕಾಲು ಮುಟ್ಟುವುದು ಹೇಗೆ ಎಂದು ಗೊತ್ತಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋಗಬೇಕು.

ಕಣಿವೆ ಹೆಂಗಸರಿಗೇ ಉಳಿಯಿತು. ಲಾಡ್ಜಿನವನ ಕಂಬಗಳನ್ನು ಅವತ್ತೇ ಸಂಜೆ ಹುಡುಗಿಯರೆಲ್ಲ ಸೇರಿ ರಸ್ತೆಗೆ ಎಳೆದು ಹಾಕಿದರು, ಹಾಡು ಬೇರೆ. ಸಮಿತಿ ಎರಡು ಹೊಸ ಮಾತು ಸೇರಿಸಿತು. ಗೈಡ್ ಜೊತೆ ಇಲ್ಲದೆ ಅತಿಥಿಗಳನ್ನು ಒಂದು ಕ್ಷಣವೂ ಬಿಡುವಂತಿಲ್ಲ. ಇನ್ನು ಮುಂದೆ ಅತಿಥಿಗಳನ್ನು ಕಳಿಸುವ ಅಧಿಕಾರ ನನಗಿಲ್ಲ. “ಹಸು ಕೊಟ್ಟಾಯಿತಲ್ಲ, ತಪ್ಪು ತೀರಿತಲ್ಲ?” ಅಂದೆ. “ತಪ್ಪು ತೀರಿತು. ನೀನು ಫೋನ್ ಎತ್ತದೇ ಇದ್ದಿದ್ದು ತೀರಲಿಲ್ಲ” ಅಂದಳು. ಅವಳ ಜೊತೆ ವಾದ ಮಾಡಿದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಈ ಜಾಗಕ್ಕೆ ನಾನು ಏನೆಲ್ಲ ಮಾಡಿದ್ದೇನೆ ಎಂದು ಒಂದೊಂದೇ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಮಾರನೆಯ ದಿನ ದಾರಿ ತೆರೆದರು. ಹೊರಡುವ ಮುಂಚೆ ಒಂದು ಸಲ ಮಡುವನ್ನು ನೋಡಿ ಬರೋಣವೆಂದು ಹೋದರೆ ಫಿಂಡಿಲೆ ತಡೆದಳು, “ಟಿಕೆಟ್?”

ತಮಾಷೆ ಅಂದುಕೊಂಡೆ. ಅಲ್ಲ. ಲಾಮವೂಸೊ ಹತ್ತಿರ ಹೋಗಿ ಕೂಗಾಡಿದೆ. ನೀರಿಗಿಳಿದ ಲಾವಣ್ಯಾ ನಾಳೆ ಬಂದರೆ ಅವಳಿಗೂ ಟಿಕೆಟ್ ಕೊಡುತ್ತೀರಾ ಅಂದೆ.

“ಅವಳಿಗೆ ಯಾಕೆ? ಅವಳ ಮಗು ಇಲ್ಲಿದೆ. ಮನೆಯವರಿಗೆ ಟಿಕೆಟ್ ಇಲ್ಲ.”

“ನನಗೆ?”

“ನಿನ್ನವರು ಯಾರಿದ್ದಾರೆ ಇಲ್ಲಿ?” ಅಂದಳು. ವ್ಯಂಗ್ಯವಿರಲಿಲ್ಲ ಲಾವಣ್ಯಾ, ನಿಜವಾಗಿ ಕೇಳುತ್ತಿದ್ದಳು.

ಎಷ್ಟು ಸಿಟ್ಟು ಬಂತೆಂದರೆ ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟೆ. ಬಸ್ಸು ನಿಲ್ಲುವ ಜಾಗದವರೆಗೂ ಹೋಗಿ ಕೂತೆ. ಬಸ್ಸು ಬಂತು, ಹತ್ತಲಿಲ್ಲ. ವಾಪಸು ಬಂದು ಇಬ್ಬರು ಜರ್ಮನ್ ಮುದುಕರ ಹಿಂದೆ ನಿಂತು ಟಿಕೆಟ್ ತೆಗೆದುಕೊಂಡೆ.

ಇಂದುಮತಿ